ಪುಣೆಯಲ್ಲಿ ಕೇಳಿದ ಕಬ್ಬಿಣದ ಹಾಡು

ಪುಣೆ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಶನಿವಾರವಾಡೆ, ಪರ್ವತಿ ಬೆಟ್ಟ, ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ ಹೋಟೆಲು. ಮನೆಯ ಹಿರಿಯರನ್ನು ಕೇಳಿದರೆ ಸವಾಯಿ ಗಂಧರ್ವ ಸಂಗೀತ ಮಹೋತ್ಸವ ಎನ್ನುತ್ತಾರೆ. ಇವನ್ನೆಲ್ಲ ಕುರಿತು ಬರೆದವರು ಬಹಳ ಮಂದಿ ಇದ್ದಾರೆ. ನಾನು ಹೇಳಹೊರಟಿರುವುದು ಹೆವಿ ಮೆಟಲ್ ಎಂಬ ಸಂಗೀತದ ವಿಷಯ. ಎಪ್ಪತ್ತು ದಾಟಿದ ಈ ಅಜ್ಜನಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಓದಿ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ.

1975ರ ಜೂನ್ ತಿಂಗಳಲ್ಲಿ ನಾನು ಧಾರವಾಡದಿಂದ ಪುಣೆಗೆ ಹೊರಟೆ. ಕೈಯಲ್ಲಿ ಡಿಪ್ಲೊಮಾ ಸರ್ಟಿಫಿಕೇಟು, ಒಂದು ಟ್ರಂಕು, ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ. ನಮ್ಮ ಕಡೆ ಆಗ ಮೀಟರ್ ಗೇಜ್ ರೈಲು. ಮಿರಜದಲ್ಲಿ ಇಳಿದು, ಟ್ರಂಕು ಹೊತ್ತು, ಬ್ರಾಡ್ ಗೇಜಿನ ಗಾಡಿ ಹತ್ತಬೇಕಿತ್ತು. ಆ ದಾರಿಯಲ್ಲಿ ಬರುವ ಮೂರು ಊರುಗಳನ್ನು ನೀವು ನೆನಪಿಡಬೇಕು. ಮುಂದೆ ಬೇಕಾಗುತ್ತವೆ.

ಮೊದಲನೆಯದು ಬೆಳಗಾವಿ. ಅದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಅದನ್ನು ಮುಟ್ಟಲಿಲ್ಲವಂತೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಎರಡನೆಯದು ಮಿರಜ. ತಂಬೂರಿ, ಸಿತಾರ್‌ಗಳನ್ನು ಮಾಡುವ ಕುಶಲಕರ್ಮಿಗಳ ಊರು, ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಮೂರನೆಯದು ಅಲ್ಲಿಂದ ಮುಂದೆ ಬರುವ ಕಿರ್ಲೋಸ್ಕರವಾಡಿ. ಅದೇ ಲಕ್ಷ್ಮಣರಾಯರು 1910ರಲ್ಲಿ ಬರಡು ನೆಲದಲ್ಲಿ ಕಟ್ಟಿದ ಕಾರ್ಖಾನೆಯ ಊರು. ಅವರ ಮನೆತನದ ಆಯಿಲ್ ಎಂಜಿನ್ ಕಾರ್ಖಾನೆ 1946ರಲ್ಲಿ ಪುಣೆಯ ಖಡಕಿಯಲ್ಲಿ ಶುರುವಾಯಿತು. ಹೀಗೆ ನಮ್ಮ ಕಡೆಯಿಂದ ಪುಣೆಗೆ ಹೋಗುವ ಹಳಿಯ ಮೇಲೆ ಕಬ್ಬಿಣವೂ ಸಂಗೀತವೂ ಜೊತೆಜೊತೆಗೇ ಪ್ರಯಾಣ ಮಾಡಿವೆ.

ನನಗೆ ಕೆಲಸ ಸಿಕ್ಕಿದ್ದು ಪಿಂಪ್ರಿಯ ಒಂದು ಕಾರ್ಖಾನೆಯ ಪ್ರೆಸ್ ಶಾಪಿನಲ್ಲಿ. ತಗಡನ್ನು ಒತ್ತಿ ಆಕಾರ ಕೊಡುವ ದೊಡ್ಡ ಯಂತ್ರಗಳ ನಡುವೆ ಮೂವತ್ತೇಳು ವರ್ಷ ದುಡಿದೆ. ಶನಿವಾರ ಸಂಜೆ ಮಾತ್ರ ಭೀಮಸೇನ ಜೋಶಿಯವರ ರೆಕಾರ್ಡು. ಗದಗಿನ ಕಡೆಯ ಆ ಕನ್ನಡಿಗರು ಪುಣೆಯಲ್ಲಿ ನೆಲೆಸಿ, ಕುಂದಗೋಳದ ತಮ್ಮ ಗುರುಗಳಾದ ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಲ್ಲಿ ಆರಂಭಿಸಿದ ಉತ್ಸವವನ್ನು ಇಡೀ ಊರು ತನ್ನದೆಂದು ಅಪ್ಪಿಕೊಂಡಿತ್ತು. ಡಿಸೆಂಬರಿನ ಚಳಿಯಲ್ಲಿ, ರಮಣಬಾಗಿನ ಶಾಲೆಯ ಮೈದಾನದಲ್ಲಿ ಶಾಲು ಹೊದ್ದು ಕುಳಿತು ಅವರ ಹಾಡು ಕೇಳಿದ ನನಗೆ, ಸಂಗೀತವೆಂದರೆ ಏನು ಎಂಬುದು ಪೂರ್ತಿ ತಿಳಿದಿದೆ ಎಂಬ ಗರ್ವವೂ ಇತ್ತು.

1994ರಲ್ಲಿ ನನ್ನ ಮಗ ಹತ್ತನೆಯ ತರಗತಿ. ಸ್ಟಾರ್ ಟಿವಿಯ ಕೇಬಲ್ಲು ನಮ್ಮ ಕಾಲೋನಿಗೆ ಆಗಲೇ ಬಂದಿತ್ತು. ಅದರಲ್ಲಿ ಬರುತ್ತಿದ್ದ ಎಂಟಿವಿ ನೋಡಿ ಹುಡುಗರೆಲ್ಲ ಕೂದಲು ಬಿಡತೊಡಗಿದ್ದರು. ಒಂದು ದಿನ ಸೆಕೆಂಡ್ ಶಿಫ್ಟು ಮುಗಿಸಿ ರಾತ್ರಿ ಮನೆಗೆ ಬಂದರೆ ಒಳಗೆ ಟೇಪ್ ರೆಕಾರ್ಡರು ಕಿರುಚುತ್ತಿತ್ತು. ಹಗಲೆಲ್ಲ ಪ್ರೆಸ್ಸಿನ ಸದ್ದು ಕೇಳಿ ಬಂದ ಕಿವಿ. "ಏ, ಆ ಗದ್ದಲಾ ಮೊದಲ ಬಂದ್ ಮಾಡು" ಎಂದೆ. "ಅಪ್ಪಾ, ಒಂದ್ಸಲ ಕೇಳ್ರಿ, ಆಮ್ಯಾಲೆ ಬೈರಿ" ಎಂದ. ನಾನು ಕೇಳಲಿಲ್ಲ. ಐರನ್ ಮೇಡನ್ ಎಂಬ ತಂಡದ ಕ್ಯಾಸೆಟ್ಟು ಅದು. ಹೊದಿಕೆಯ ಮೇಲೆ ಅಸ್ಥಿಪಂಜರದ ಮುಖ. ಅದನ್ನು ಹೊರಗೆ ತೆಗೆದು, ರೀಲನ್ನೆಲ್ಲ ಎಳೆದು ಹರಿದು, ಕಸದ ಬುಟ್ಟಿಗೆ ಎಸೆದೆ.

ಕ್ಯಾಸೆಟ್ಟು ಅವನ ಗೆಳೆಯನದಾಗಿತ್ತು. ಒಂದು ತಿಂಗಳು ಶಾಲೆಗೆ ನಡೆದು ಹೋಗಿ, ಬಸ್ಸಿನ ದುಡ್ಡು ಉಳಿಸಿ ಅವನು ಸಾಲ ತೀರಿಸಿದ್ದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಆದರೆ ಇನ್ನೊಂದು ಸಂಗತಿ ಮರುದಿನವೇ ತಿಳಿಯಿತು. ಅವನು ನನ್ನೊಡನೆ ಕನ್ನಡ ಆಡುವುದನ್ನು ಬಿಟ್ಟ. ಅವ್ವನೊಡನೆ ಕನ್ನಡ, ನನ್ನೊಡನೆ ಮರಾಠಿ. ಜಗಳವಿಲ್ಲ, ಎದುರುತ್ತರವಿಲ್ಲ. ಕೇಳಿದ್ದಕ್ಕೆ ಮರಾಠಿಯಲ್ಲಿ ಚುಟುಕು ಉತ್ತರ, ಅಷ್ಟೇ. ಹೀಗೆ ಹದಿಮೂರು ವರ್ಷ.

ಈಗ ಆ ಸಂಗೀತದ ಕಥೆಯನ್ನು ಸ್ವಲ್ಪ ಹೇಳಬೇಕು. ಅದು ಹುಟ್ಟಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ. ನಮ್ಮ ಪಿಂಪ್ರಿ-ಚಿಂಚವಡದಂತೆ ಕಾರ್ಖಾನೆಗಳ ಊರು ಅದು. ಟೋನಿ ಅಯೋಮಿ ಎಂಬ ಹುಡುಗ ಅಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಡುವ ಕೊನೆಯ ದಿನ ಯಂತ್ರ ಅವನ ಬಲಗೈಯ ಎರಡು ಬೆರಳುಗಳ ತುದಿಯನ್ನು ಕತ್ತರಿಸಿತು. ಎಡಚನಾದ್ದರಿಂದ ಗಿಟಾರಿನ ತಂತಿ ಒತ್ತುವ ಕೈ ಅದೇ. ಎರಡೇ ಬೆರಳಿನ ಬಲದಲ್ಲಿ ಗಿಟಾರು ನುಡಿಸುತ್ತಿದ್ದ ಜಾಂಗೋ ರೈನ್‌ಹಾರ್ಟ್ ಎಂಬ ಕಲಾವಿದನ ರೆಕಾರ್ಡನ್ನು ಕಾರ್ಖಾನೆಯ ಫೋರ್‌ಮನ್ ಅವನಿಗೆ ತಂದು ಕೇಳಿಸಿದರಂತೆ. ಹುಡುಗನಿಗೆ ಧೈರ್ಯ ಬಂತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳು ತಂತಿ ಹಾಕಿದ, ಮುಂದೆ ತಂತಿಯ ಬಿಗಿಯನ್ನೂ ಇಳಿಸಿದ. ಬಿಗಿ ಇಳಿದಾಗ ಸ್ವರವೂ ಇಳಿದು ಭಾರವಾಯಿತು. ಅವನ ತಂಡ ಬ್ಲ್ಯಾಕ್ ಸಬ್ಬಾತ್, 1970ರ ಫೆಬ್ರವರಿ 13ರಂದು ಮೊದಲ ಆಲ್ಬಮ್ ಹೊರತಂದಿತು. ಹೆವಿ ಮೆಟಲ್ಲಿನ ಹುಟ್ಟುಹಬ್ಬವೆಂದು ಬಲ್ಲವರು ಎಣಿಸುವುದು ಈ ದಿನವನ್ನೇ.

ಈ ಕಥೆಯನ್ನು ಮಗ 1994ರಲ್ಲೇ ನನಗೆ ಹೇಳಬಹುದಿತ್ತು. ಹೇಳಲು ನಾನು ಬಿಟ್ಟಿರಲಿಲ್ಲ. ಪ್ರೆಸ್ ಶಾಪಿನಲ್ಲಿ ಬೆರಳು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಆ ಫೋರ್‌ಮನ್ನನಂತೆ ನಾನು ಯಾರಿಗೂ ಒಂದು ರೆಕಾರ್ಡು ಒಯ್ದು ಕೊಟ್ಟಿರಲಿಲ್ಲ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಪ್ಪತ್ತರ ದಶಕದ ಕೊನೆಗೆ ಇಂಗ್ಲೆಂಡಿನಲ್ಲಿ ಐರನ್ ಮೇಡನ್, ಜೂಡಾಸ್ ಪ್ರೀಸ್ಟ್ ತಂಡಗಳು ಇದಕ್ಕೆ ವೇಗ ಕೊಟ್ಟವು. ಎಂಬತ್ತರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್ ತಂಡಗಳು ಆ ವೇಗವನ್ನು ಇಮ್ಮಡಿಸಿದವು. ಅದರ ಹೆಸರು ಥ್ರ್ಯಾಷ್. ಫ್ಲಾರಿಡಾದಿಂದ ಘರ್ಜಿಸುವ ಡೆತ್ ಮೆಟಲ್ ಬಂತು. ನಾರ್ವೆಯಿಂದ ಬ್ಲ್ಯಾಕ್ ಮೆಟಲ್ ಬಂತು. ಅಲ್ಲಿ 1992ರ ಆಸುಪಾಸಿನಲ್ಲಿ ಕೆಲವರು ಚರ್ಚುಗಳಿಗೆ ಬೆಂಕಿ ಇಟ್ಟದ್ದೂ ಉಂಟು. ತಂದೆ-ತಾಯಿಯರ ಹೆದರಿಕೆ ಪೂರ್ತಿ ಸುಳ್ಳಲ್ಲ. ಆದರೆ ಕೆಲವರು ಮಾಡಿದ ಅಪರಾಧವನ್ನು ಲಕ್ಷಾಂತರ ಕೇಳುಗರ ತಲೆಗೆ ಕಟ್ಟುವುದೂ ನ್ಯಾಯವಲ್ಲ.

ನಮ್ಮ ದೇಶದಲ್ಲಿ ಮುಂಬಯಿಯ ರಂಗಭವನದಲ್ಲಿ 1986ರಿಂದ ಇಂಡಿಪೆಂಡೆನ್ಸ್ ರಾಕ್ ಉತ್ಸವ ನಡೆಯಿತು. 1993ರಲ್ಲಿ ಅಲಹಾಬಾದಿನಿಂದ ರಾಕ್ ಸ್ಟ್ರೀಟ್ ಜರ್ನಲ್ ಎಂಬ ಪತ್ರಿಕೆ ಹೊರಟಿತು. ಕಾಲೇಜು ಉತ್ಸವಗಳಲ್ಲಿ ತಂಡಗಳು ಹುಟ್ಟಿದವು, ನೌಕರಿ ಸಿಕ್ಕೊಡನೆ ಚದುರಿದವು. ಮಗನ ಎಂಜಿನಿಯರಿಂಗ್ ಕಾಲೇಜಿನ ತಂಡದ ಗತಿಯೂ ಅದೇ ಆಯಿತು. ಡ್ರಮ್ಸ್ ಬಾರಿಸುತ್ತಿದ್ದವನು ಅಮೆರಿಕಕ್ಕೆ ಹೋದ, ಹಾಡುತ್ತಿದ್ದವನು ಬ್ಯಾಂಕಿಗೆ ಸೇರಿದ.

2007ರ ಮಾರ್ಚ್ 17. ಐರನ್ ಮೇಡನ್ ತಂಡ ಮೊಟ್ಟಮೊದಲ ಬಾರಿ ಭಾರತಕ್ಕೆ ಬಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. ಪುಣೆಯಿಂದ ಎಂಟುನೂರು ಕಿಲೋಮೀಟರಿಗೂ ಹೆಚ್ಚು ದೂರ. ಮಗ ಮತ್ತು ಗೆಳೆಯರು ರಾತ್ರಿ ಬಸ್ಸು ಹಿಡಿದರು. ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ನಿದ್ದೆಯಲ್ಲೇ ದಾಟಿದರು. ಅಜ್ಜಿ ತೀರಿಕೊಂಡ ಮೇಲೆ ಎಂಟು ವರ್ಷ ಕರ್ನಾಟಕಕ್ಕೆ ಕಾಲಿಡದವನು, ಯಾವುದೋ ಇಂಗ್ಲಿಷ್ ತಂಡದ ಸಲುವಾಗಿ ಹೊರಟನಲ್ಲ ಎಂದು ನನಗೆ ಸಂಕಟವೇ ಆಯಿತು.

ಆ ರಾತ್ರಿ ಹನ್ನೊಂದರ ಸುಮಾರಿಗೆ ಫೋನು ಬಂತು. ಗಂಟಲು ಪೂರ್ತಿ ಬಿದ್ದುಹೋಗಿತ್ತು. "ಅಪ್ಪಾ, ಇಲ್ಲಿ ಸಾವಿರಾರು ಮಂದಿ ಅದಾರ್ರಿ. ನನ್ನ ಸುತ್ತಾ ಎಲ್ಲಾರೂ ಕನ್ನಡದಾಗ ಕೂಗಾಡ್ಲಿಕತ್ತಾರ. ನಾನೂ ಕೂಗಿದೆ" ಎಂದ. ಹದಿಮೂರು ವರ್ಷಗಳ ನಂತರ ಮಗ ನನ್ನೊಡನೆ ಆಡಿದ ಕನ್ನಡ ಅದು. ಏನು ಹೇಳಬೇಕೋ ತೋಚಲಿಲ್ಲ. "ಊಟಾ ಮಾಡೀಯೇನು?" ಎಂದು ಕೇಳಿ ಫೋನು ಇಟ್ಟೆ. ನನ್ನವಳು ಬಂದು ಯಾರದು ಎಂದಾಗ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಮುಂದೆ ಪುಣೆಯವರು ಬೆಂಗಳೂರಿಗೇ ಓಡಬೇಕಾದ ಪ್ರಸಂಗ ಕಡಿಮೆಯಾಯಿತು. 2010ರ ಡಿಸೆಂಬರಿನಲ್ಲಿ ಪುಣೆಯಲ್ಲೇ ಎನ್‌ಎಚ್7 ವೀಕೆಂಡರ್ ಎಂಬ ಉತ್ಸವ ಹುಟ್ಟಿತು. ಎಲ್ಲ ಬಗೆಯ ಸಂಗೀತಕ್ಕೂ ಅಲ್ಲಿ ಜಾಗವಿತ್ತು, ಮೆಟಲ್ಲಿಗೂ ಇತ್ತು. 2019ರಲ್ಲಿ ಅದು ನವೆಂಬರ್ 29ರಿಂದ ಡಿಸೆಂಬರ್ 1ರವರೆಗೆ ನಡೆದಾಗ ಸ್ವೀಡನ್ನಿನ ಓಪೆತ್ ತಂಡ ಬಂತು. ಮಗ ಎರಡು ಟಿಕೆಟು ತಂದು ಒಂದನ್ನು ನನ್ನ ಮುಂದಿಟ್ಟ. "ಈಗಾದ್ರೂ ಒಂದ್ಸಲ ಕೇಳ್ರಿ" ಎಂದ. ಬೇರೇನೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಹೋಗುವಾಗ ಕಾರಿನಲ್ಲಿ ನನಗೆ ಪಾಠವಾಯಿತು. ಗಿಟಾರಿನ ಸದ್ದನ್ನು ಆಂಪ್ಲಿಫೈಯರಿನ ಶಕ್ತಿ ಮೀರಿ ಹಿಗ್ಗಿಸಿದರೆ, ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆಗ ಮೂಲಸ್ವರದ ಮೇಲೆ ಹಲವಾರು ಉಪಸ್ವರಗಳು ಎದ್ದು, ನಾದ ಬಹಳ ಹೊತ್ತು ನಿಲ್ಲುತ್ತದೆ. ಇಷ್ಟು ಒರಟು ನಾದದಲ್ಲಿ ಹೆಚ್ಚು ಸ್ವರ ಕೂಡಿಸಿದರೆ ಕಲಸುಮೇಲೋಗರವಾಗುವುದರಿಂದ, ಅವರು ಎರಡನ್ನೇ ಜೋಡಿಸಿ ನುಡಿಸುತ್ತಾರೆ. "ಯಾವ ಎರಡು?" ಎಂದೆ. "ಸಾ ಮತ್ತ ಪಾ" ಎಂದ. ನಾನು ಅವಾಕ್ಕಾದೆ. ನಮ್ಮ ತಂಬೂರಿಯ ತಂತಿಗಳಲ್ಲೂ ಮುಖ್ಯವಾಗಿ ಇರುವುದು ಅವೇ ತಾನೆ! ಮಿರಜದ ಕುಶಲಕರ್ಮಿ ಕುದುರೆಯ ಮೇಲ್ಮೈ ತಿದ್ದಿ, ತಂತಿಯ ಕೆಳಗೆ ನೂಲಿನ ಎಳೆ ಇಟ್ಟು ಜವಾರಿ ತರುವುದೂ ಸ್ವರಕ್ಕೆ ಅಂಥದೇ ಝೇಂಕಾರ ಬರಲೆಂದು. ಸದ್ದಿನ ಪ್ರಮಾಣ ಬೇರೆ, ಉದ್ದೇಶ ಬೇರೆ. ಆದರೂ ದೂರದ ನೆಂಟಸ್ತಿಕೆಯಂತೂ ಇದೆ.

ಮೈದಾನದಲ್ಲಿ ಎತ್ತ ನೋಡಿದರೂ ಕಪ್ಪು ಅಂಗಿ. ತಲೆಬುರುಡೆಯ ಚಿತ್ರದ ಅಂಗಿ ತೊಟ್ಟ, ಹಚ್ಚೆ ಹಾಕಿಸಿಕೊಂಡ ಒಬ್ಬ ದಾಂಡಿಗ ನನ್ನ ಕಡೆ ಬಂದಾಗ ಎದೆ ಹೊಡೆದುಕೊಂಡಿತು. ಅವನು "ಕಾಕಾ, ಇಕಡೆ ಯಾ" ಎಂದು ಮೊಣಕೈ ಹಿಡಿದು, ನೂಕುನುಗ್ಗಲಿಲ್ಲದ ಒಂದು ಮೂಲೆಯಲ್ಲಿ ನಿಲ್ಲಿಸಿ ಹೋದ. ಮಗ ಕೊಟ್ಟ ಬೆಣೆಗಳನ್ನು ಕಿವಿಗೆ ತುರುಕಿಕೊಂಡೆ. ಹಾಡು ಮೆಲ್ಲಗೆ, ಲಾಲಿಯಂತೆ ಶುರುವಾಗುತ್ತಿತ್ತು. ಇದ್ದಕ್ಕಿದ್ದಂತೆ ಗುಡುಗು. ಗಾಯಕ ಹೊಟ್ಟೆಯಾಳದಿಂದ ಗರ್ಜಿಸುತ್ತಿದ್ದ. ನನಗೆ ನೆನಪಾದದ್ದು ನಮ್ಮೂರ ದೊಡ್ಡಾಟದ ರಾಕ್ಷಸ ಪಾತ್ರ. ಅವನು ಅಬ್ಬರಿಸುತ್ತ ರಂಗಕ್ಕೆ ಬಂದಾಗ ಮಕ್ಕಳಾದ ನಾವು ಅವ್ವನ ಸೆರಗಿನಲ್ಲಿ ಮುಖ ಮುಚ್ಚುತ್ತಿದ್ದೆವು. ಮರುದಿನ ಅದೇ ಮನುಷ್ಯ ಸಂತೆಯಲ್ಲಿ ಬದನೆಕಾಯಿ ತೂಗುತ್ತಿದ್ದ. ಅವನನ್ನು ದುಷ್ಟನೆಂದು ಊರವರು ಯಾರೂ ಅನ್ನಲಿಲ್ಲ.

ಎಲ್ಲವೂ ನನಗೆ ಹಿಡಿಸಿತೆಂದು ಸುಳ್ಳು ಹೇಳಲಾರೆ. ಅರ್ಧ ಹಿಡಿಸಿತು, ಅರ್ಧ ತಲೆನೋವು ತಂದಿತು. ಆದರೆ ಮನೆಗೆ ಬರುವಾಗ ಮಗ ಹೇಳಿದ ಒಂದು ಮಾತು ಮನಸ್ಸಿನಲ್ಲಿ ನಿಂತಿದೆ. ಆ ವರ್ಷ ಓಪೆತ್ ತಂಡ ತನ್ನ ಹೊಸ ಆಲ್ಬಮ್ಮನ್ನು ಮೊದಲು ಸ್ವೀಡಿಷ್ ಭಾಷೆಯಲ್ಲಿ ರಚಿಸಿ, ಆಮೇಲೆ ಇಂಗ್ಲಿಷಿನಲ್ಲೂ ಹಾಡಿ, ಎರಡನ್ನೂ ಹೊರತಂದಿತ್ತಂತೆ. ಮೂವತ್ತು ವರ್ಷ ಜಗತ್ತನ್ನೆಲ್ಲ ಸುತ್ತಿದವರು ತಮ್ಮ ತಾಯಿನುಡಿಗೆ ಬಂದರು. "ನಾನೂ ಬಂದೆ ಬಿಡ್ರಿ" ಎಂದು ಮಗ ನಕ್ಕ.

ಋಣ ತೀರಿಸಬೇಕಲ್ಲ. ಎರಡು ವಾರಗಳ ನಂತರ ಅವನನ್ನು ಸವಾಯಿ ಗಂಧರ್ವ ಮಹೋತ್ಸವಕ್ಕೆ ಕರೆದೊಯ್ದೆ. ಅದು ಆಗ ಮುಕುಂದನಗರಕ್ಕೆ ಬಂದಿತ್ತು. ಕಾಯುತ್ತ ಕುಳಿತಾಗ ಭೀಮಸೇನರ ಬಾಲ್ಯ ಹೇಳಿದೆ. ಗದಗಿನಲ್ಲಿ ಅಂಗಡಿಯೊಂದರ ಮುಂದೆ ನಿಂತು ಅಬ್ದುಲ್ ಕರೀಂ ಖಾನರ ರೆಕಾರ್ಡು ಕೇಳಿದ ಹುಡುಗ, 1933ರಲ್ಲಿ, ಹನ್ನೊಂದರ ಪ್ರಾಯದಲ್ಲಿ, ಸಂಗೀತಕ್ಕಾಗಿ ಮನೆಬಿಟ್ಟು ಓಡಿಹೋದ. ಅವರ ತಂದೆ ಶಾಲಾ ಮಾಸ್ತರರು. ಮಗ ಓದಿ ಮುಂದೆ ಬರಲಿ ಎಂಬುದು ಯಾವ ಅಪ್ಪನಿಗೆ ಇರುವುದಿಲ್ಲ? "ಅಂದ್ರ ಅವರನ್ನೂ ಒಂದು ರೆಕಾರ್ಡೇ ಕೆಡಿಸ್ತು ಅನ್ರಿ" ಎಂದ ಮಗ. ಇದೇ ಕಥೆಯನ್ನು ನೂರು ಸಲ ಹೆಮ್ಮೆಯಿಂದ ಹೇಳಿದ್ದೆ. ಅದರೊಳಗಿನ ಹುಡುಗ ನಮ್ಮ ಮನೆಯಲ್ಲೇ ಇದ್ದುದು ಕಂಡಿರಲಿಲ್ಲ.

ಇಂದು ಈ ಸಂಗೀತದ ಸ್ಥಿತಿ ಏನು? ಮೊದಲ ತಲೆಮಾರಿನವರು ಮುದುಕರಾದರು. 2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬಾತಿನ ನಾಲ್ವರೂ ಬರ್ಮಿಂಗ್‌ಹ್ಯಾಮಿನಲ್ಲಿ ಕೊನೆಯ ಬಾರಿ ಕೂಡಿ ನುಡಿಸಿದರು. ಗಾಯಕ ಆಜಿ ಆಸ್ಬರ್ನ್ ನಿಲ್ಲಲಾಗದೆ ಕುರ್ಚಿಯಲ್ಲಿ ಕುಳಿತೇ ಹಾಡಿದ. ಅದೇ ತಿಂಗಳ 22ರಂದು ತೀರಿಕೊಂಡ. ಇತ್ತ ನಮ್ಮವರು ಮುಂದೆ ಬಂದಿದ್ದಾರೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ದೆಹಲಿಯ ಬ್ಲಡಿವುಡ್ ತಂಡ 2019ರಲ್ಲಿ ಡೋಲು ಕಟ್ಟಿಕೊಂಡು ಅದೇ ವೇದಿಕೆಗೆ ಹೋಯಿತು. ಹಿಂದಿ, ಪಂಜಾಬಿಗಳಲ್ಲಿ ಅದು ಹಾಡಿದರೆ ಯುರೋಪಿನವರು ಕುಣಿಯುತ್ತಾರೆ. ಕನ್ನಡದಲ್ಲಿ ಗರ್ಜಿಸಿದರೆ ಕುಣಿಯದೇ ಇರುತ್ತಾರೆಯೇ? ನಮ್ಮ ಭಾಷೆಯಲ್ಲಿ ದೊಡ್ಡಾಟದ ರಾಕ್ಷಸನೂ ಇದ್ದಾನೆ, ವಚನಕಾರರ ಖಡಕ್ ಮಾತೂ ಇದೆ.

ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಕ್ಕಳೇ, ನಿಮ್ಮ ಕಿವಿಯಲ್ಲಿ ಸಿಕ್ಕಿಸಿಕೊಂಡಿರುವುದು ಏನೇ ಇರಲಿ, ಅಪ್ಪ-ಅಮ್ಮ ಬೈದರೆಂದು ಅವರೊಡನೆ ಕನ್ನಡ ಬಿಡಬೇಡಿ. ನನ್ನ ಮನೆಯಲ್ಲಿ ಅದಕ್ಕೆ ತೆತ್ತ ಬೆಲೆ ಹದಿಮೂರು ವರ್ಷ. ಬೈದ ಅಪ್ಪಂದಿರಿಗೂ ಒಂದು ಮಾತು: ಕಬ್ಬಿಣದ ನೇಗಿಲಿನಿಂದ ಹೊಲಕ್ಕೆ ವಿಷವೇರಲಿಲ್ಲ.

ಮೊನ್ನೆ ಮೊಮ್ಮಗಳು ಕೊರಿಯಾದ ಯಾವುದೋ ಹಾಡು ಹಾಕಿ ಕುಣಿಯುತ್ತಿದ್ದಳು. ಒಳಗಿನಿಂದ ಮಗ ಕೂಗಿದ: "ಏ, ಆ ಗದ್ದಲಾ ಬಂದ್ ಮಾಡು!" ನಾನು ಎದ್ದು ಹೋಗಿ ಅವಳ ಪಕ್ಕ ಕುಳಿತು, ಇನ್ನೊಮ್ಮೆ ಹಾಕವಾ ಎಂದೆ.