ಹಡಗಿನಿಂದ ಹಾರಿದ ರಾಕೆಟು

ವಿಜ್ಞಾನವೆಂಬುದು ಹಣವುಳ್ಳವರ ವಿದ್ಯೆ, ಅದು ಕನ್ನಡ ಶಾಲೆಯ ಮಕ್ಕಳಿಗೆ ಎಟುಕದು ಎಂಬ ಭಾವನೆ ಕಾಸರಗೋಡಿನ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಬೆರಳೆಣಿಕೆಯ ಗಾಜಿನ ನಳಿಗೆಗಳಿರುವ ಒಂದು ಕಪಾಟನ್ನೇ ಪ್ರಯೋಗಶಾಲೆಯೆಂದು ಕರೆಯುವ ನಾವು, ಈ ಭಾವನೆಗೆ ಉತ್ತರವಾಗಿ ಮಕ್ಕಳಿಗೆ ಒಂದು ಹಡಗಿನ ಕಥೆಯನ್ನು ಹೇಳುವುದುಂಟು.

ಬಾಹ್ಯಾಕಾಶದಿಂದ ಭೂಮಿಗೆ ಬಂದೆರಗುವ ವಿಶ್ವಕಿರಣಗಳನ್ನು ಭೂಮಿಯ ಕಾಂತಶಕ್ತಿಯು ಬಾಗಿಸುತ್ತದೆ. ಆದುದರಿಂದ ಅವು ಕಾಂತೀಯ ಸಮಭಾಜಕದ ಬಳಿ ಕಡಿಮೆ, ಧ್ರುವಗಳ ಕಡೆಗೆ ಹೆಚ್ಚು. ಇದನ್ನು ವಾಯುಮಂಡಲದ ಮೇಲ್ಪದರದಲ್ಲಿ ಅಳೆಯಬೇಕಾದರೆ ಊರೂರಿನಲ್ಲಿ ರಾಕೆಟ್ ನೆಲೆ ಬೇಕು; ಹಡಗಾದರೋ ಚಲಿಸುವ ನೆಲೆ. 1949ರ ಮಾರ್ಚಿನಲ್ಲಿ ಅಮೆರಿಕದ 'ನಾರ್ಟನ್ ಸೌಂಡ್' ಹಡಗು ಪೆರು ದೇಶದಾಚೆಯ ಸಮುದ್ರದಲ್ಲಿ, ಕಾಂತೀಯ ಸಮಭಾಜಕದ ಸಮೀಪ, ಏರೋಬೀ ರಾಕೆಟುಗಳನ್ನು ಹಾರಿಸಿತು. ನಮ್ಮ ಕೇರಳದ ತುಂಬಾ ಗ್ರಾಮವನ್ನು ರಾಕೆಟ್ ನೆಲೆಗಾಗಿ ಆರಿಸಿದ್ದೂ ಆ ರೇಖೆ ಅದರ ಸಮೀಪ ಹಾದುಹೋಗುತ್ತಿದ್ದುದರಿಂದಲೇ. ಅಲ್ಲಿಂದ ಮೊದಲ ರಾಕೆಟ್ ಏರಿದ್ದು 1963ರ ನವೆಂಬರ್ 21ರಂದು.

ಏರೋಬೀ ದುಬಾರಿ. ಡೀಕನ್ ಎಂಬ ಚಿಕ್ಕ ರಾಕೆಟು ಅಗ್ಗ; ಆದರೆ ಕೆಳಗಿನ ದಟ್ಟ ಗಾಳಿಯನ್ನು ಸೀಳುವುದರಲ್ಲೇ ಅದರ ಬಲ ಉಡುಗುತ್ತದೆ. ಅದನ್ನು ಬಲೂನಿಗೆ ತೂಗುಹಾಕಿ, ಇಪ್ಪತ್ತು ಕಿಲೋಮೀಟರಿನಷ್ಟು ಮೇಲೇರಿದ ಬಳಿಕ ಉರಿಸಬಾರದೇಕೆ? ನಾರ್ಟನ್ ಸೌಂಡಿನ ಪ್ರಯಾಣದಲ್ಲಿ ಮೊಳೆತ ಈ ಉಪಾಯವನ್ನು ಅಯೋವಾ ವಿಶ್ವವಿದ್ಯಾನಿಲಯದ ಜೇಮ್ಸ್ ವ್ಯಾನ್ ಅಲೆನ್ ಕಾರ್ಯರೂಪಕ್ಕೆ ತಂದರು. ಹಡಗು ಗಾಳಿಯ ದಿಕ್ಕಿನಲ್ಲಿ ಗಾಳಿಯದೇ ವೇಗದಿಂದ ಸಾಗಿದರೆ ಅದರ ಮೇಲೆ ಗಾಳಿಯೇ ತಿಳಿಯದು. ಬಲೂನನ್ನು ತುಂಬುವುದು ಸುಲಭ. ರಾಕೆಟು ಬಿದ್ದರೂ ಸಮುದ್ರಕ್ಕೆ.

1952ರ ಆಗಸ್ಟಿನಲ್ಲಿ, ಗ್ರೀನ್‌ಲೆಂಡಿನ ಬಳಿ, 'ಈಸ್ಟ್‌ವಿಂಡ್' ಎಂಬ ಹಿಮಭೇದಕ ಹಡಗಿನಿಂದ ಮೊದಲ ಬಲೂನು ಏರಿತು, ರಾಕೆಟು ಉರಿಯಲಿಲ್ಲ. ಎರಡನೆಯದೂ ಅಷ್ಟೇ. ಮೇಲಿನ ಕಡುಚಳಿಗೆ ಗಡಿಯಾರದ ಯಂತ್ರ ನಿಂತುಹೋಗಿರಬೇಕೆಂಬ ಶಂಕೆ ಮೂಡಿತು.

ನಾವು ಕಥೆಯನ್ನು ಇಲ್ಲಿಗೆ ನಿಲ್ಲಿಸಿ, "ನೀವಾದರೆ ಏನು ಮಾಡುವಿರಿ?" ಎಂದು ಕೇಳುತ್ತೇವೆ. ಒಮ್ಮೆ ಬೀಡಿ ಕಟ್ಟುವ ತಾಯಿಯೊಬ್ಬಳ ಮಗಳು ಎದ್ದುನಿಂತು, "ಮಾಷ್ಟ್ರೇ, ಅಮ್ಮ ಗಂಜಿಯ ಪಾತ್ರೆಗೆ ಗೋಣಿ ಸುತ್ತಿ ಇಡ್ತಾರೆ. ಹಾಗೆ ಮಾಡಿದರೆ ಆಗದಾ?" ಎಂದಳು. ವ್ಯಾನ್ ಅಲೆನ್ ಮಾಡಿದ್ದೂ ಬಹುಮಟ್ಟಿಗೆ ಅದನ್ನೇ! ಕಿತ್ತಳೆ ರಸದ ಡಬ್ಬಗಳನ್ನು ಬಿಸಿಮಾಡಿ, ಉಪಕರಣಗಳ ನಡುವೆ ಇರಿಸಿ, ಬೆಚ್ಚಗೆ ಹೊದಿಸಿ ಕಳುಹಿಸಿದರು. ಮೂರನೆಯ ರಾಕೆಟು ಉರಿದು ಮೇಲೇರಿತು. ಮರುವರ್ಷದ ಯಾನದಲ್ಲಿ ಧ್ರುವಪ್ರಭೆಯ ವಲಯದ ಮೇಲೆ ಅನಿರೀಕ್ಷಿತ ವಿಕಿರಣ ಕಂಡುಬಂದಿತು. 1958ರಲ್ಲಿ ಅವರದೇ ಉಪಕರಣವನ್ನು ಹೊತ್ತ 'ಎಕ್ಸ್‌ಪ್ಲೋರರ್ 1' ಉಪಗ್ರಹದಿಂದ, ಇಂದು ಅವರ ಹೆಸರಿನಿಂದಲೇ ಕರೆಯುವ ವಿಕಿರಣ ಪಟ್ಟಿಗಳ ಪತ್ತೆಯಾಯಿತು.

ಹಡಗು ಸರಕಾರದ್ದು, ವೆಚ್ಚವೂ ಅಲ್ಪವಲ್ಲ, ನಿಜ. ಅದನ್ನು ನಮ್ಮ ಶಾಲೆ ಕೊಡಲಾರದು. ಆದರೆ ಸೋಲಿನ ಕಾರಣವನ್ನು ಊಹಿಸಿ, ಕೈಗೆ ಸಿಕ್ಕಿದ್ದರಲ್ಲಿ ಪರಿಹಾರ ಹುಡುಕುವ ಬುದ್ಧಿಗೆ ಕಪಾಟು ಬೇಡ, ಹಣ ಬೇಡ. ಆ ಹುಡುಗಿಗೆ ಉತ್ತರ ಹೊಳೆದದ್ದು ಅಡುಗೆಮನೆಯಿಂದ, ತಾಯ್ನುಡಿಯಲ್ಲಿ. ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಲು ಹೊರಟಿರುವ ತಾಯ್ತಂದೆಯರು ಇಷ್ಟನ್ನು ಒಮ್ಮೆ ಯೋಚಿಸಿಯಾರೆ?