ನಾನು ಒಂಟಿಯೆಂದು ಬರೆದ ಮನುಷ್ಯ

ಜಪಾನಿನಲ್ಲಿ ಮಾರುವ ಬಹುತೇಕ ಮೊಬೈಲುಗಳಲ್ಲಿ ಫೋಟೋ ತೆಗೆದರೆ ‘ಕ್ಲಿಕ್’ ಸದ್ದು ಬಂದೇ ಬರುತ್ತದೆ. ಫೋನನ್ನು ಸೈಲೆಂಟಿಗೆ ಹಾಕಿದರೂ ಆ ಸದ್ದು ಅಡಗುವುದಿಲ್ಲ. ಇದು ಸರ್ಕಾರದ ಕಾನೂನಲ್ಲ. 2000ದ ಸುಮಾರಿಗೆ ಕ್ಯಾಮರಾ ಇರುವ ಫೋನುಗಳು ಬಂದಾಗ, ರೈಲಿನಲ್ಲಿ, ಎಸ್ಕಲೇಟರಿನ ಮೇಲೆ ಹೆಂಗಸರ ಫೋಟೋ ಕದ್ದು ತೆಗೆಯುವವರ ಕಾಟಕ್ಕೆ ಹೆದರಿ ಮೊಬೈಲ್ ಕಂಪನಿಗಳೇ ಮಾಡಿಕೊಂಡ ಕಟ್ಟುಪಾಡು. ಕೆಲಸಕ್ಕೆಂದು ಟೋಕಿಯೋಗೆ ಹೋದ ಹೊಸದರಲ್ಲಿ ನನಗೆ ಇದು ದೊಡ್ಡ ಕಿರಿಕಿರಿ ಅನ್ನಿಸಿತ್ತು. ಜೇಬಿನಲ್ಲಿ ಹಿಡಿಯುವ, ಸದ್ದೇ ಮಾಡದ ರಿಕೋ ಜಿಆರ್ ಕ್ಯಾಮರಾವೊಂದನ್ನು ಶಿಂಜುಕುವಿನ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡೆ. ಆ ಸದ್ದು ಯಾರಿಗೆ ಬೇಕಾಗಿತ್ತು, ಯಾಕೆ ಬೇಕಾಗಿತ್ತು ಅಂತ ಯೋಚಿಸಲಿಲ್ಲ. ಅದರಿಂದ ತಪ್ಪಿಸಿಕೊಂಡೆನಲ್ಲ ಎಂಬ ಖುಷಿಯಷ್ಟೇ ಇತ್ತು.

ಜಿಆರೇ ಬೇಕೆನ್ನಿಸಿದ್ದಕ್ಕೆ ಇನ್ನೊಂದು ಕಾರಣ ಛಾಯಾಗ್ರಾಹಕ ದೈದೋ ಮೊರಿಯಾಮಾ. 1938ರಲ್ಲಿ ಒಸಾಕಾ ಸೀಮೆಯಲ್ಲಿ ಹುಟ್ಟಿದ ಇವರು ಶಿಂಜುಕುವಿನ ಗಲ್ಲಿಗಳನ್ನು ಸಣ್ಣ ಕ್ಯಾಮರಾ ಹಿಡಿದು ದಶಕಗಟ್ಟಲೆ ಸುತ್ತಿದವರು. 1968-69ರಲ್ಲಿ ಮೂರೇ ಸಂಚಿಕೆ ಬಂದು ನಿಂತುಹೋದ ‘ಪ್ರೊವೋಕ್’ ಪತ್ರಿಕೆಯ ಗುಂಪಿನವರು. ಕಾಳುಕಾಳಾದ, ಅಲುಗಿದ, ಫೋಕಸ್ ತಪ್ಪಿದ ಕಪ್ಪುಬಿಳುಪು ಚಿತ್ರಗಳನ್ನೇ ಒಂದು ಶೈಲಿ ಮಾಡಿದವರು. ಮಿಸಾವಾ ಎಂಬ ಊರಿನಲ್ಲಿ 1971ರಲ್ಲಿ ಅವರು ತೆಗೆದ ಬೀದಿನಾಯಿಯ ಚಿತ್ರ ನಮ್ಮ ಮನೆಯ ಗೋಡೆಯ ಮೇಲೆ ಬಹಳ ಕಾಲ ಇತ್ತು. ನಾನು ಅವರಿಂದ ಕಲಿತದ್ದು ಕಾಳು ಮತ್ತು ಕಪ್ಪನ್ನು ಮಾತ್ರ. ಅವರು ಒಂದೇ ಬೀದಿಗೆ ಮತ್ತೆ ಮತ್ತೆ ಹೋಗುತ್ತಿದ್ದರು ಎಂಬುದು ನನ್ನ ತಲೆಗೆ ಹೋಗಲೇ ಇಲ್ಲ.

ನಮ್ಮ ದೇಶದವರು ಹೆಚ್ಚಾಗಿ ನೆಲೆಸಿರುವ ನಿಶಿ-ಕಸಾಯಿಯಲ್ಲಿ ನನ್ನ ಮನೆ. ಬೆಳಿಗ್ಗೆ ತೋಝಾಯಿ ಮಾರ್ಗದ ರೈಲು. ಕಾಲಿಡಲು ಜಾಗವಿರದ ಆ ಡಬ್ಬಿಯಲ್ಲಿ ನಿಂತೇ ನಿದ್ದೆ ಹೋದವರು, ಗಾಜಿಗೆ ಕೆನ್ನೆ ಒತ್ತಿದವರು, ಒದ್ದೆ ಕೊಡೆಯನ್ನು ಮೈಗೆ ಅಂಟಿಸಿಕೊಂಡವರು. ರಾತ್ರಿ ಕನ್ವೀನಿಯನ್ಸ್ ಸ್ಟೋರಿನ ಮುಂದೆ ಅನ್ನದುಂಡೆ ಬಿಚ್ಚಿ ತಿನ್ನುವ ಸೂಟುಧಾರಿಗಳು. ಎಲ್ಲರನ್ನೂ ಸೊಂಟದ ಮಟ್ಟದಿಂದ, ಅವರಿಗೆ ತಿಳಿಯದಂತೆ ಸೆರೆಹಿಡಿಯುತ್ತಿದ್ದೆ. ಸರಣಿಗೆ ಹೆಸರೂ ಇಟ್ಟಾಗಿತ್ತು: ‘ಟೋಕಿಯೋ ಒಂಟಿ’. ಹೆಸರು ಮೊದಲು ಬಂತು, ಚಿತ್ರಗಳು ಆಮೇಲೆ. ಯಾರಾದರೂ ನಗುತ್ತಿದ್ದರೆ ಕ್ಯಾಮರಾ ಎತ್ತುತ್ತಲೇ ಇರಲಿಲ್ಲ, ಅದು ನನ್ನ ಸರಣಿಗೆ ಹೊಂದುತ್ತಿರಲಿಲ್ಲ.

ಸ್ಟೇಷನ್ನಿನ ಹತ್ತಿರ ನಿಂತು ತಿನ್ನುವ ಸೋಬಾ (ನೂಡಲ್ಸ್) ಅಂಗಡಿ ಒಂದಿತ್ತು. ಬಾಗಿಲಲ್ಲಿ ಮೆಷಿನ್ನಿಗೆ ನಾಣ್ಯ ಹಾಕಿ ಟಿಕೆಟ್ ತೆಗೆದು ಕೌಂಟರಿನ ಮೇಲಿಟ್ಟರೆ, ಎರಡು ನಿಮಿಷದಲ್ಲಿ ಹಬೆಯಾಡುವ ಬಟ್ಟಲು. ಜನ ಸುರ್ ಎಂದು ಎಳೆದು ತಿಂದು, ಬಟ್ಟಲನ್ನು ತಾವೇ ಎತ್ತಿಟ್ಟು ಹೊರಡುತ್ತಾರೆ. ಅಲ್ಲಿ ಒಂದು ಬೆಳಿಗ್ಗೆ ಕೊನೆಯ ಮೂಲೆಯಲ್ಲಿ ಒಬ್ಬ ವೃದ್ಧರು ತಲೆ ತಗ್ಗಿಸಿ ತಿನ್ನುತ್ತಿದ್ದರು. ಪಕ್ಕ ಖಾಲಿ, ಮೇಲೆ ಒಂದೇ ಟ್ಯೂಬ್‌ಲೈಟು. ನನ್ನ ಸರಣಿಯಲ್ಲೇ ಅತ್ಯುತ್ತಮ ಚಿತ್ರ ಅದು, ಈಗಲೂ ಹಾಗೇ ಹೇಳುತ್ತೇನೆ. ಸ್ಟೇಷನ್ನಿನ ಹೆಸರು ಹಾಕಿ, ‘ಯಾರೂ ಇಲ್ಲದವರ ಬೆಳಗಿನ ಊಟ’ ಎಂಬ ಅರ್ಥದ ಅಡಿಬರಹ ಕೊಟ್ಟು ಇನ್‌ಸ್ಟಾಗ್ರಾಂನಲ್ಲಿ ಹಾಕಿದೆ. ಬೆಂಗಳೂರಿನ ಗೆಳೆಯರೆಲ್ಲ ‘ಪಾಪ’ ಎಂದರು. ಹಂಚಿಕೆಯ ಮೇಲೆ ಹಂಚಿಕೆ. ನನಗೋ ಒಂದು ವಾರ ಕಾಲು ನೆಲದ ಮೇಲಿರಲಿಲ್ಲ.

ಆಮೇಲೆ ಆ ಅಂಗಡಿಗೆ ಹೋದಾಗ ಯಜಮಾನರು ಬಟ್ಟಲಿನ ಬದಲು ತಮ್ಮ ಫೋನನ್ನು ನನ್ನ ಮುಂದಿಟ್ಟರು. ತೆರೆಯ ಮೇಲೆ ನನ್ನದೇ ಚಿತ್ರ. “ಇದು ನೀವು ತೆಗೆದದ್ದಲ್ಲವೆ?” ಎಂದು ಮೆಲ್ಲಗೆ ಕೇಳಿದರು. ನನ್ನ ಅರೆಬರೆ ಜಪಾನಿ ಭಾಷೆಗೆ ಅರ್ಥವಾಗಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. ಆ ಹಿರಿಯರಿಗೆ ಹೆಂಡತಿ ಇದ್ದಾರೆ. ದೂರದ ಊರಿನಲ್ಲಿರುವ ಮಗಳು ಹೇಗೋ ಈ ಚಿತ್ರ ನೋಡಿ, “ಅಪ್ಪ, ಅಮ್ಮನಿಗೂ ನಿನಗೂ ಏನಾಗಿದೆ, ಯಾಕೆ ಹೀಗೆ ಹೊರಗೆ ಒಬ್ಬನೇ ತಿನ್ನುತ್ತೀ” ಎಂದು ಅತ್ತು ಫೋನು ಮಾಡಿದ್ದಾಳೆ. ಅವರು ಬೆಳಿಗ್ಗೆ ಶಾಲೆಯ ಹತ್ತಿರ ಹಳದಿ ಬಾವುಟ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಸ್ವಯಂಸೇವಕರು. ಆ ಕೆಲಸ ಮುಗಿಸಿ ಮನೆಗೆ ಹೋಗುವ ಮುಂಚೆ ಒಂದು ಬಟ್ಟಲು ಸೋಬಾ, ಅಷ್ಟೆ.

ಬಾವುಟ ಎಂದ ಕೂಡಲೇ ನನಗೆ ಮುಖ ಹೊಳೆಯಿತು. ಜಪಾನಿನಲ್ಲಿ ಮಕ್ಕಳು ಗುಂಪಾಗಿ ನಡೆದೇ ಶಾಲೆಗೆ ಹೋಗುತ್ತಾರೆ, ಒಂದನೇ ಕ್ಲಾಸಿನವರ ತಲೆಯ ಮೇಲೆ ಹಳದಿ ಟೋಪಿ, ಬೆನ್ನ ಮೇಲೆ ಅವರಿಗಿಂತ ದೊಡ್ಡ ಚರ್ಮದ ಚೀಲ. ನಮ್ಮ ಕಟ್ಟಡದಾಚೆಯ ತಿರುವಿನಲ್ಲಿ ಪ್ರತಿ ಮಗುವಿನ ಹೆಸರು ಹಿಡಿದು ಕರೆಯುತ್ತಿದ್ದ ಅಜ್ಜ ಇವರೇ. ನಾನು ದಿನವೂ ಅವರ ಮುಂದೆಯೇ ದಾಟಿ ರೈಲಿಗೆ ಓಡುತ್ತಿದ್ದೆ, ಅವರು ನನಗೂ ‘ಹೋಗಿ ಬನ್ನಿ’ ಎನ್ನುತ್ತಿದ್ದರು. ಹೊಳೆಯುವ ಜಾಕೆಟ್ಟು, ಟೋಪಿ ತೆಗೆದದ್ದೇ ತಡ ನನ್ನ ಕಣ್ಣಿಗೆ ಅವರು ಅನಾಥರಾಗಿದ್ದರು. ಆ ಬಡಾವಣೆಯಲ್ಲಿ ಯಾರನ್ನೂ ಸರಿಯಾಗಿ ತಿಳಿಯದೆ ಒಂಟಿಯಾಗಿದ್ದವನು ನಾನು.

ಚಿತ್ರ ಅಳಿಸಿದೆ. ಆದರೆ ಹಂಚಿದವರ ಬಳಿ ಅದು ಉಳಿದೇ ಇತ್ತು. ಒಂದು ಡಬ್ಬಿ ಸಿಹಿ ತೆಗೆದುಕೊಂಡು ತಿರುವಿಗೆ ಹೋಗಿ ತಲೆಬಾಗಿ ಕ್ಷಮೆ ಕೇಳಿದೆ. ಅವರೂ ತಲೆಬಾಗಿ ಡಬ್ಬಿ ತೆಗೆದುಕೊಂಡರು, ಚಿತ್ರದ ಸುದ್ದಿ ಎತ್ತಲಿಲ್ಲ. ಸೋಬಾ ಅಂಗಡಿಗೆ ಮಾತ್ರ ಮತ್ತೆ ಬರಲಿಲ್ಲ. ಅಲ್ಲಿನ ಗೋಡೆಯ ಮೇಲೆ ಕ್ಯಾಮರಾಕ್ಕೆ ಕೆಂಪು ಗೀಟು ಎಳೆದ, ಕೈಯಲ್ಲಿ ಬಿಡಿಸಿದ ಹಾಳೆಯೊಂದು ಅಂಟಿತು.

ನಾಚಿಕೆಯ ಜೊತೆಗೇ ಒಳಗೊಬ್ಬ ವಕೀಲ ಎದ್ದು ಕೂತಿದ್ದ. ತಪ್ಪು ನನ್ನದಲ್ಲ ಎನ್ನುವ ಒಂದು ಸಾಲು ಎಲ್ಲಾದರೂ ಸಿಗಬಹುದೆಂದು ಓದತೊಡಗಿದೆ. ಸಿಕ್ಕಿದ್ದು ಉಲ್ಟಾ. ಕ್ಯೋಟೋದಲ್ಲಿ ವಿದ್ಯಾರ್ಥಿಗಳ ಮೆರವಣಿಗೆಯನ್ನು ಪೊಲೀಸರು ಫೋಟೋ ತೆಗೆದ ಪ್ರಕರಣದಲ್ಲಿ ಜಪಾನಿನ ಸುಪ್ರೀಂ ಕೋರ್ಟು 1969ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಪೊಲೀಸರು ತೆಗೆದದ್ದು ತಪ್ಪಲ್ಲ ಎಂದಿತು. ಆದರೆ ಒಪ್ಪಿಗೆಯಿಲ್ಲದೆ ಸುಮ್ಮನೆ ತನ್ನ ಮುಖವನ್ನು ಯಾರೂ ತೆಗೆಯದಂತೆ ಇರುವ ಸ್ವಾತಂತ್ರ್ಯ ಪ್ರತಿಯೊಬ್ಬರಿಗೂ ಉಂಟು ಎಂದಿತು. ಗಿಂಝಾದ ಬೀದಿಯಲ್ಲಿ ನಡೆದು ಹೋಗುತ್ತಿದ್ದ ಹೆಂಗಸಿನ ಚಿತ್ರವನ್ನು ಫ್ಯಾಷನ್ ತಾಣವೊಂದು ಹಾಕಿದ್ದಕ್ಕೆ 2005ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಪರಿಹಾರ ಕೊಡಿಸಿತು. 2020ರಲ್ಲಿ ಫ್ಯೂಜಿಫಿಲ್ಮ್ ಕಂಪನಿ ಹೊಸ ಕ್ಯಾಮರಾದ ಪ್ರಚಾರಕ್ಕೆಂದು ಬಿಟ್ಟ ವಿಡಿಯೋದಲ್ಲಿ ಒಬ್ಬ ಛಾಯಾಗ್ರಾಹಕ ದಾರಿಹೋಕರ ಮುಖಕ್ಕೇ ಕ್ಯಾಮರಾ ಹಿಡಿಯುವುದು ಕಂಡು ಜಪಾನಿನಲ್ಲಿ ಗದ್ದಲವಾಗಿ, ವಿಡಿಯೋ ಹಿಂದೆಗೆಯಬೇಕಾಯಿತು. ಆಗ ಬೆಂಗಳೂರಿನಲ್ಲಿ ಕೂತು ಛಾಯಾಗ್ರಾಹಕನ ಪರ ಗಂಟಲು ಹರಿದುಕೊಂಡವರಲ್ಲಿ ನಾನೂ ಒಬ್ಬ.

ಕದ್ದು ತೆಗೆದ ಚಿತ್ರವೆಲ್ಲ ಕಳ್ಳತನ ಎಂದು ನಾನು ಈಗಲೂ ಒಪ್ಪುವುದಿಲ್ಲ. ಲೈಕಾ ಕ್ಯಾಮರಾ ಹಿಡಿದು ಸದ್ದಿಲ್ಲದೆ ಓಡಾಡಿದ ಇಹೇ ಕಿಮುರಾ ಎಲ್ಲರನ್ನೂ ನಿಲ್ಲಿಸಿ ಕೇಳಿದ್ದರೆ ಯುದ್ಧಾನಂತರದ ಜಪಾನಿನ ಎಷ್ಟೋ ಸಹಜ ಗಳಿಗೆಗಳು ನಮಗೆ ಕಾಣುತ್ತಲೇ ಇರಲಿಲ್ಲ. ಆದರೆ ನನಗೆ ಆ ಕಣ್ಣಿಲ್ಲ. ನನಗೆ ದಾರಿ ತೋರಿಸಿದ್ದು ಛಾಯಾಗ್ರಾಹಕ ಹಿರೋ ಕಿಕಾಯಿ ಅವರ ಪುಸ್ತಕ. 1945ರಲ್ಲಿ ಹುಟ್ಟಿ 2020ರಲ್ಲಿ ತೀರಿಕೊಂಡ ಕಿಕಾಯಿ ತತ್ತ್ವಶಾಸ್ತ್ರ ಓದಿ, ಲಾರಿ ಓಡಿಸಿ, ಟ್ಯೂನಾ ಮೀನಿನ ಹಡಗಿನಲ್ಲಿ ದುಡಿದು ಬಂದವರು. 1973ರಿಂದ ಅಸಾಕುಸಾದ ಸೆನ್ಸೋಜಿ ದೇವಸ್ಥಾನದ ಗೋಡೆಯ ಮುಂದೆ ಹ್ಯಾಸೆಲ್‌ಬ್ಲಾಡ್ ಕ್ಯಾಮರಾ ಹಿಡಿದು ಗಂಟೆಗಟ್ಟಲೆ ಕಾಯುತ್ತಿದ್ದರು. ಮನಸ್ಸಿಗೆ ಹಿಡಿದ ಒಬ್ಬರು ಕಂಡರೆ ಹೋಗಿ ಕೇಳುವುದು, ಮಾತಾಡುವುದು, ಆಮೇಲೆ ಚಿತ್ರ. ಕೆಳಗೆ ಬರೆಯುತ್ತಿದ್ದ ಒಂದು ಸಾಲೂ ಅವರು ಕಂಡದ್ದು, ಕೇಳಿದ್ದು. ನನ್ನ ಅಡಿಬರಹದ ಹಾಗೆ ಕಟ್ಟಿದ್ದಲ್ಲ.

ಈಗ ನಾನೂ ಕೇಳಿಯೇ ತೆಗೆಯುತ್ತೇನೆ. ಬಹಳ ಮಂದಿ ಕೈ ಅಡ್ಡ ಆಡಿಸಿ ಬೇಡ ಎನ್ನುತ್ತಾರೆ. ಒಪ್ಪಿದವರು ಎರಡು ಬೆರಳು ಎತ್ತಿ ನಗುತ್ತಾರೆ. ಛಾಯಾಚಿತ್ರವಾಗಿ ನೋಡಿದರೆ ನನ್ನ ಈಚಿನ ಕೆಲಸ ಹಳೆಯದಕ್ಕಿಂತ ಸಪ್ಪೆ.

ಜಪಾನಿಗೆ ಕ್ಯಾಮರಾ ತೆಗೆದುಕೊಂಡು ಹೋಗುವವರಿಗೆ ಇಷ್ಟು ಹೇಳಬೇಕು. ಕ್ಯೋಟೋದ ಗಿಯೋನ್‌ನಲ್ಲಿ ಗೇಶಾಗಳ ಬೆನ್ನಟ್ಟುವ ಪ್ರವಾಸಿಗರ ಕಾಟ ತಾಳಲಾರದೆ, ಖಾಸಗಿ ಗಲ್ಲಿಗಳಲ್ಲಿ ಫೋಟೋ ತೆಗೆದರೆ 10,000 ಯೆನ್ ದಂಡ ಎಂದು 2019ರಲ್ಲಿ ಬೋರ್ಡು ಹಾಕಿದರು. ಅದೂ ಸಾಲದೆ 2024ರಲ್ಲಿ ಆ ಗಲ್ಲಿಗಳಿಗೆ ಪ್ರವಾಸಿಗರು ಬರುವುದನ್ನೇ ನಿಷೇಧಿಸಿದರು. ಅಂಥ ಬೋರ್ಡು ಕಂಡರೆ ಕ್ಯಾಮರಾ ಚೀಲದಲ್ಲಿಡಿ. ಯಾರಾದರೂ ಅಳಿಸಿ ಎಂದರೆ ವಾದಕ್ಕೆ ನಿಲ್ಲದೆ ಅವರೆದುರೇ ಅಳಿಸಿ. ಮುಖ ಕಾಣುವ ಚಿತ್ರದ ಜೊತೆ ಅಂಗಡಿಯ ಹೆಸರು, ಸ್ಟೇಷನ್ನಿನ ಹೆಸರು ಹಾಕಬೇಡಿ. ಅಡಿಬರಹದಲ್ಲಿ ನಿಮಗೆ ಗೊತ್ತಿಲ್ಲದ್ದನ್ನು ದಯವಿಟ್ಟು ಬರೆಯಬೇಡಿ.