ಚಲನಚಿತ್ರ ನಿರ್ಮಾಣ: ಹಣ, ಹಕ್ಕು ಮತ್ತು ಕರಾರು

ಚಲನಚಿತ್ರವೆಂದೊಡನೆ ನಮ್ಮ ಮನೆತನಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಹಿರಿಯರು ಅದನ್ನು ಆಸ್ತಿ ಕಳೆಯುವ ವ್ಯಸನವೆಂದು ಬಗೆಯುತ್ತಾರೆ. ಕಿರಿಯರು ಕಲೆಯೆಂದು ಕೊಂಡಾಡುತ್ತಾರೆ. ಈ ವಾದದ ಗದ್ದಲದಲ್ಲಿ ಮೂರನೆಯ ಸಂಗತಿಯೊಂದು ಮರೆಯಾಗಿಬಿಡುತ್ತದೆ. ಚಿತ್ರವು ತೆರೆಯ ಮೇಲೆ ಮೂಡುವುದಕ್ಕೆ ಬಹು ಮೊದಲೇ ಅದೊಂದು ವ್ಯವಹಾರವಾಗಿರುತ್ತದೆ. ವ್ಯವಹಾರವಿದ್ದಲ್ಲಿ ಋಣವಿರುತ್ತದೆ, ಹಕ್ಕಿರುತ್ತದೆ, ಕಾನೂನಿರುತ್ತದೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ದೊಡ್ಡ ಸಂಸ್ಥೆಗಳ ಆಸರೆಯಿಲ್ಲದೆ, ಹೆಸರಾಂತ ನಟರಿಲ್ಲದೆ ಸ್ವತಂತ್ರವಾಗಿ ಚಿತ್ರ ಮಾಡಹೊರಡುವ ತರುಣರು ಹಳ್ಳಿಗಳಿಂದಲೂ ಬರುತ್ತಿದ್ದಾರೆ. ಅವರ ಮೊದಲ ಬಂಡವಾಳವು ತಂದೆಯ ಹೊಲದಿಂದ, ಅಣ್ಣನ ಅಡತಿ ಅಂಗಡಿಯಿಂದ, ಬೀಗರ ಕೈಗಡದಿಂದ ಬರುತ್ತದೆ. ಆದಕಾರಣ ಈ ವಿಷಯವು ಚಿತ್ರರಂಗದವರಷ್ಟೇ ಗೃಹಸ್ಥರೂ ತಿಳಿಯತಕ್ಕುದಾಗಿದೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಶಾಸ್ತ್ರವನ್ನೂ ಓದಿದ ನಮಗೆ ಸಿನೆಮಾದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನಾವು ಬಹುಕಾಲ ಶಾಸನಗಳನ್ನು ಓದಿದವರು. ನಮ್ಮ ನಾಡಿನ ದಾನಶಾಸನವೆಂದರೆ ಬರಿಯ ಪ್ರಶಸ್ತಿಯಲ್ಲ, ಅದೊಂದು ಕರಾರುಪತ್ರ. ಕೊಟ್ಟವರಾರು, ಕೊಂಡವರಾರು, ಭೂಮಿ ಎಷ್ಟು ಮತ್ತರು, ಯಾವ ಕೋಲಿನ ಅಳತೆ, ಯಾವ ದಿಕ್ಕಿಗೆ ಯಾವ ಎಲ್ಲೆ, ಸಾಕ್ಷಿಗಳಾರು, ಬರೆದವರಾರು ಎಂಬುದೆಲ್ಲ ಅಲ್ಲಿರುತ್ತದೆ. ಅರಸನು ತನ್ನ ಗುರುವಿಗೆ ಭಕ್ತಿಯಿಂದ ಭೂಮಿ ಬಿಟ್ಟಾಗಲೂ ಎಲ್ಲೆಯನ್ನು ಕಲ್ಲಿನಲ್ಲಿ ಬರೆಯಿಸಿದನು. ಗುರುವಿನಲ್ಲಿ ಅಪನಂಬಿಕೆಯಿದ್ದುದರಿಂದ ಬರೆಯಿಸಿದನೆಂದು ಯಾರೂ ಹೇಳಲಾರರು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರವು ಋಣ, ಸಾಕ್ಷಿ, ಲೇಖ್ಯಗಳನ್ನು ಎಷ್ಟು ಸೂಕ್ಷ್ಮವಾಗಿ ವಿಚಾರಿಸುತ್ತದೆಂಬುದು ವಿದ್ವಾಂಸರಿಗೆ ತಿಳಿದೇ ಇದೆ. ಆ ವಿವೇಕವನ್ನು ನಾವು ಹೊಲ ಮನೆಗಳ ಖರೀದಿಯಲ್ಲಿ ಇಂದಿಗೂ ಉಳಿಸಿಕೊಂಡಿದ್ದೇವೆ. ಚಲನಚಿತ್ರದ ಮಾತು ಬಂದಾಗ ಮಾತ್ರ ಮರೆಯುತ್ತೇವೆ. ಹೊಲವು ಕಣ್ಣಿಗೆ ಕಾಣುತ್ತದೆ, ಹಕ್ಕು ಕಾಣುವುದಿಲ್ಲವೆಂಬುದೇ ಇದಕ್ಕೆ ಕಾರಣವಿರಬೇಕು.

ಮೊದಲು ನಿರ್ಮಾಪಕನೆಂದರೆ ಯಾರೆಂಬುದನ್ನು ವಿಚಾರಿಸೋಣ. ಹಣ ಹಾಕಿದವನೇ ನಿರ್ಮಾಪಕನೆಂಬುದು ಲೋಕರೂಢಿ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆನ್ನುವುದಿಲ್ಲ. ಕೃತಿಯನ್ನು ನಿರ್ಮಿಸುವ ಉಪಕ್ರಮವನ್ನೂ ಹೊಣೆಯನ್ನೂ ಹೊತ್ತವನೇ ಅದರ ದೃಷ್ಟಿಯಲ್ಲಿ ನಿರ್ಮಾಪಕ. ಚಲನಚಿತ್ರದ ಕರ್ತೃವೆಂದೂ ಕಾನೂನು ಅವನನ್ನೇ ಗುರುತಿಸುತ್ತದೆ, ನಿರ್ದೇಶಕನನ್ನಲ್ಲ. ಇದರ ಪರಿಣಾಮ ದೊಡ್ಡದು. ಹೊಲ ಮಾರಿ ಹಣ ಕೊಟ್ಟ ಸೋದರಮಾವನು ಬರಹವಿಲ್ಲದಿದ್ದರೆ ಚಿತ್ರದ ಒಡೆಯನಾಗುವುದಿಲ್ಲ. ಹೆಚ್ಚೆಂದರೆ ಸಾಲಗಾರನಿಂದ ಬಾಕಿ ಕೇಳುವವನಾಗುತ್ತಾನೆ. ರಾತ್ರಿ ಹಗಲು ದುಡಿದ ನಿರ್ದೇಶಕನೂ ಕರಾರಿನಲ್ಲಿ ಪಾಲು ಬರೆಯಿಸಿಕೊಳ್ಳದಿದ್ದರೆ ಚಿತ್ರದ ಮುಂದಿನ ಗಳಿಕೆಯಲ್ಲಿ ಬಾಧ್ಯಸ್ಥನಾಗಲಾರನು.

ಎರಡನೆಯದಾಗಿ, ಚಿತ್ರವು ಒಂದೇ ವಸ್ತುವಲ್ಲ, ಹಲವು ಹಕ್ಕುಗಳ ಗಂಟು. ಕಾದಂಬರಿ, ಚಿತ್ರಕಥೆ, ಸಂಭಾಷಣೆ, ಗೀತ, ಸಂಗೀತ ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಒಡೆತನವುಂಟು. ಕಾದಂಬರಿಗಳನ್ನು ಆಧರಿಸಿ ಚಿತ್ರ ಮಾಡುವುದು ಕನ್ನಡದಲ್ಲಿ ಹಳೆಯ ಪರಿಪಾಠ. 1970ರ 'ಸಂಸ್ಕಾರ' ಅನಂತಮೂರ್ತಿಯವರ ಕಾದಂಬರಿಯಿಂದ ಬಂದಿತು. 1971ರ 'ವಂಶವೃಕ್ಷ' ಭೈರಪ್ಪನವರ ಕಾದಂಬರಿಯಿಂದ. ಇಂಥಲ್ಲೆಲ್ಲ ಮೂಲ ಲೇಖಕನಿಂದ ಹಕ್ಕನ್ನು ಬರಹದಲ್ಲಿ, ಸಹಿಯೊಡನೆ ಪಡೆಯಬೇಕು. ಬಾಯಿಮಾತಿನ ಹಸ್ತಾಂತರ ಕಾನೂನಿನಲ್ಲಿ ನಿಲ್ಲುವುದಿಲ್ಲ. ಬರಹದಲ್ಲಿ ಅವಧಿಯನ್ನು ಹೇಳದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆಯೇ ನಿರ್ಣಯಿಸುತ್ತದೆ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ, ಅದು ಕಳೆದುಹೋಗುತ್ತದೆ. ಕಥೆಯ ಹಕ್ಕು ಪಡೆದು ಹಣಕ್ಕಾಗಿ ಎರಡು ಮೂರು ವರ್ಷ ಅಲೆಯುವ ಹೊಸಬರು ಈ ಮಾತನ್ನು ನೆನಪಿನಲ್ಲಿಡಬೇಕು. 2012ರ ತಿದ್ದುಪಡಿಯಂತೆ ಗೀತರಚನಕಾರರಿಗೂ ಸಂಗೀತಕಾರರಿಗೂ ತಮ್ಮ ಕೃತಿ ಚಿತ್ರಮಂದಿರದಾಚೆ ಬಳಕೆಯಾದಾಗ ಗೌರವಧನದಲ್ಲಿ ಸಮಪಾಲುಂಟು. ಅದನ್ನು ಅವರು ಬಿಟ್ಟುಕೊಡಲೂ ಬರುವುದಿಲ್ಲ.

ಕೇವಲ ಕಲ್ಪನೆಗೆ ಕೃತಿಸ್ವಾಮ್ಯವಿಲ್ಲವೆಂಬುದನ್ನೂ ತರುಣರು ತಿಳಿದಿರಬೇಕು. 'ಹಮ್ ಹಿಂದುಸ್ತಾನಿ' ಎಂಬ ನಾಟಕದ ಕರ್ತೃ ಆರ್. ಜಿ. ಆನಂದರು, 1956ರ 'ನ್ಯೂ ದೆಹಲಿ' ಚಿತ್ರವು ತಮ್ಮ ನಾಟಕದ ಅನುಕರಣವೆಂದು ದಾವೆ ಹೂಡಿದ್ದರು. ವಿಷಯವೂ ಭಾವನೆಯೂ ಯಾರೊಬ್ಬರ ಸೊತ್ತಲ್ಲ, ಅವುಗಳನ್ನು ನಿರೂಪಿಸಿದ ಬಗೆಗೆ ಮಾತ್ರ ರಕ್ಷಣೆಯೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಪಿತ್ತಿತು. ನಾಲ್ಕು ಜನರೆದುರು ಕಥೆ ಹೇಳುವ ಮೊದಲು ಅದನ್ನು ಪೂರ್ಣವಾಗಿ ಬರೆದಿಡಬೇಕೆಂಬುದು ಇದರಿಂದ ಕಲಿಯುವ ಪಾಠ.

ಇನ್ನು ಹಣದ ವಿಚಾರ. ಸರಕಾರವು 1960ರಲ್ಲಿ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಸ್ಥಾಪಿಸಿ ಕೆಲವು ಒಳ್ಳೆಯ ಚಿತ್ರಗಳಿಗೆ ಸಾಲ ಕೊಟ್ಟಿತು. 1998ರಲ್ಲಿ ಚಲನಚಿತ್ರಕ್ಕೆ ಉದ್ಯಮದ ಮಾನ್ಯತೆ ದೊರೆಯಿತು. ಆದರೂ ಹೊಸ ನಿರ್ಮಾಪಕನಿಗೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆಯುವುದಿಲ್ಲ. ಅವನು ಖಾಸಗಿ ಲೇವಾದೇವಿಯವರ ಹತ್ತಿರ ಹೋಗುತ್ತಾನೆ. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯೆಂದು ಹಿಡಿದರೆ, 50 ಲಕ್ಷಕ್ಕೆ ತಿಂಗಳಿಗೆ 1 ಲಕ್ಷವಾಯಿತು. ಚಿತ್ರದ ಬಿಡುಗಡೆ ಆರು ತಿಂಗಳು ಮುಂದೆ ಹೋದರೆ ಒಂದು ದೃಶ್ಯವನ್ನೂ ಹೆಚ್ಚು ಚಿತ್ರಿಸದೆ 6 ಲಕ್ಷ ಖರ್ಚಾದಂತೆ.

ಇದಕ್ಕೆ ಬೇರೆ ದಾರಿ ಕಂಡವರೂ ಇದ್ದಾರೆ. 1976ರಲ್ಲಿ ಶ್ಯಾಮ್ ಬೆನಗಲ್ಲರು 'ಮಂಥನ' ಚಿತ್ರವನ್ನು ಮಾಡಿದಾಗ ಗುಜರಾತಿನ 5 ಲಕ್ಷ ಹಾಲು ಉತ್ಪಾದಕ ರೈತರು ತಲಾ 2 ರೂಪಾಯಿ ಕೊಟ್ಟು 10 ಲಕ್ಷ ಕೂಡಿಸಿದರು. ಅದರ ಮುಖ್ಯ ಪಾತ್ರದಲ್ಲಿ ನಮ್ಮವರೇ ಆದ ಗಿರೀಶ ಕಾರ್ನಾಡರಿದ್ದರು. ಕನ್ನಡದಲ್ಲಿ ಪವನ್ ಕುಮಾರ್ ಅವರು 2013ರ 'ಲೂಸಿಯಾ' ಚಿತ್ರಕ್ಕೆ ನೂರಕ್ಕೂ ಹೆಚ್ಚು ಪ್ರೇಕ್ಷಕರಿಂದಲೇ ಬಂಡವಾಳ ಸಂಗ್ರಹಿಸಿದರು. ಇವುಗಳಲ್ಲಿ ನಾವು ಮೆಚ್ಚುವ ಅಂಶವೊಂದಿದೆ. 'ಮಂಥನ' ಸೋತಿದ್ದರೆ ಒಂದು ಮನೆಗೆ 2 ರೂಪಾಯಿ ಹೋಗುತ್ತಿತ್ತು, ಯಾರ ಒಲೆಯೂ ಆರುತ್ತಿರಲಿಲ್ಲ. ಹತ್ತು ಮನೆಗಳು ಹಂಚಿಕೊಳ್ಳಬೇಕಾದ ಅಪಾಯವನ್ನು ಒಂದೇ ಮನೆ ಹೊತ್ತುಕೊಂಡಾಗಲೇ ಅನಾಹುತ.

ನಮ್ಮ ಪರಿಚಯದ ಒಂದು ಮನೆತನದ ಮಾತನ್ನು, ಹೆಸರು ಊರು ಹೇಳದೆ, ಇಲ್ಲಿ ನಿವೇದಿಸುತ್ತೇವೆ. ಅಣ್ಣನು ಮೂರು ಎಕರೆ ನೀರಾವರಿ ಹೊಲ ಮಾರಿ ತಂಗಿಯ ಗಂಡನ ಚಿತ್ರಕ್ಕೆ 18 ಲಕ್ಷ ಕೊಟ್ಟನು. ಚಿತ್ರವು ಎರಡು ವಾರ ಓಡಿತು. ಕೂಲಿ ಬಾಕಿ ತೀರಿಸುವ ಒತ್ತಡದಲ್ಲಿ ಆ ಅಳಿಯನು ಒಂದು ಕಂಪನಿಗೆ ಉಪಗ್ರಹ, ಅಂತರಜಾಲ, ಮೊಬೈಲು ಮೊದಲಾದ ಸಕಲ ಮಾಧ್ಯಮಗಳ ಹಕ್ಕನ್ನು ಲೋಕಾದ್ಯಂತ, ಶಾಶ್ವತವಾಗಿ 7 ಲಕ್ಷಕ್ಕೆ ಬರೆದುಕೊಟ್ಟನು. ಮುಂದೆ ಅಂತರಜಾಲದ ವೇದಿಕೆಯೊಂದು ಆ ಚಿತ್ರವನ್ನು ಕೇಳಿಕೊಂಡು ಬಂದಾಗ ಮಾರುವುದಕ್ಕೆ ಅವನಲ್ಲಿ ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಅಣ್ಣನು ತಾನು ಕೊಟ್ಟದ್ದು ಸಾಲವೆಂದನು. ಅಳಿಯನು ಅದು ಲಾಭನಷ್ಟದ ಪಾಲೆಂದನು. ಹಣ ಹೋದದ್ದಕ್ಕೆ ಬ್ಯಾಂಕಿನ ಲೆಕ್ಕವಿತ್ತು, ಏತಕ್ಕಾಗಿ ಹೋಯಿತೆಂಬುದಕ್ಕೆ ಒಂದಕ್ಷರವೂ ಇರಲಿಲ್ಲ. ಎರಡು ವರ್ಷ ಆ ತಂಗಿ ಪಂಚಮಿಗೆ ತವರಿಗೆ ಬರಲಿಲ್ಲ.

ಹಿರಿಯರು ಕೂಡಿದಲ್ಲಿ ನಾವು ಆ ಅಣ್ಣನನ್ನು, ಕೊಡುವಾಗಲೇ ಏಕೆ ಬರೆಯಿಸಿಕೊಳ್ಳಲಿಲ್ಲವೆಂದು ಕೇಳಿದೆವು. "ಶಾಸ್ತ್ರಿಗಳ, ಅವರು ನಮ್ಮ ತಂಗಿ ಗಂಡ್ರ. ಅಳಿಯಾಗ ಸ್ಟಾಂಪ್ ಪೇಪರ್ ಮ್ಯಾಲ ಸಹಿ ಮಾಡ್ರಿ ಅಂತ ಹ್ಯಾಂಗ ಕೇಳೂದ್ರಿ?" ಎಂದನು. ಸಂಕೋಚದ ಈ ಮಾತೇ ನಮ್ಮ ಅನೇಕ ಮನೆಗಳ ಮಾತು. ಕಡೆಗೆ ಅರ್ಧ ಸಾಲ, ಅರ್ಧ ಪಾಲೆಂದು ಇಬ್ಬರೂ ಒಪ್ಪಿ ಕಾಗದವಾಯಿತು. ಮೊದಲ ದಿನ ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಮುಗಿಯುತ್ತಿದ್ದ ಮಾತಿಗೆ ಅಣ್ಣನು ಒಂಬತ್ತು ಲಕ್ಷ ತೆತ್ತನು. ಅಳಿಯನು ಅಷ್ಟೇ ಸಾಲವನ್ನು ತಲೆಯ ಮೇಲೆ ಹೊತ್ತನು. ಕೈಗಡದ ದಾವೆಗೆ ಸಾಮಾನ್ಯವಾಗಿ 3 ವರ್ಷಗಳ ಕಾಲಮಿತಿಯಿರುವುದರಿಂದ ಇನ್ನೂ ತಡವಾಗಿದ್ದರೆ ಅಷ್ಟೂ ಸಿಗುತ್ತಿದ್ದುದು ಸಂದೇಹ.

ಕೂಡಿ ಚಿತ್ರ ಮಾಡುವವರು ಮೊದಲು ತಮ್ಮ ಕೂಟದ ಸ್ವರೂಪವನ್ನು ನಿಶ್ಚಯಿಸಬೇಕು. 1932ರ ಪಾಲುದಾರಿಕೆ ಕಾಯ್ದೆಯಂತೆ ಪಾಲುದಾರರಲ್ಲಿ ಒಬ್ಬನು ಸಂಸ್ಥೆಯ ಹೆಸರಿನಲ್ಲಿ ಮಾಡಿದ ಸಾಲಕ್ಕೆ ಎಲ್ಲರ ಮನೆಮಾರುಗಳೂ ಹೊಣೆ. ನೋಂದಣಿಯಾಗದ ಸಂಸ್ಥೆಯು ತನ್ನ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡಲೂ ಬಾರದು. 2008ರ ಕಾಯ್ದೆಯಿಂದ ಬಂದ ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಯಲ್ಲಿ ನಷ್ಟವು ಸಾಮಾನ್ಯವಾಗಿ ಹಾಕಿದ ಬಂಡವಾಳಕ್ಕೇ ನಿಲ್ಲುತ್ತದೆ, ಹೊಲಕ್ಕೆ ಹರಿಯುವುದಿಲ್ಲ. ವೈಯಕ್ತಿಕ ಜಾಮೀನು ಬರೆದುಕೊಟ್ಟರೆ ಮಾತ್ರ ಆ ರಕ್ಷಣೆ ಇಲ್ಲವಾಗುತ್ತದೆ.

ಚಿತ್ರ ಸಿದ್ಧವಾದ ಮೇಲೆ 1952ರ ಕಾಯ್ದೆಯ ಪ್ರಕಾರ ಪ್ರಮಾಣಪತ್ರವಿಲ್ಲದೆ ಸಾರ್ವಜನಿಕ ಪ್ರದರ್ಶನ ಸಲ್ಲದು. 'ಸಂಸ್ಕಾರ'ಕ್ಕೆ ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ಅನುಮತಿ ನಿರಾಕರಿಸಿತ್ತು. ಅನಂತರ ಬಿಡುಗಡೆಯಾಗಿ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನೂ ಪಡೆಯಿತು. ಮಂಡಳಿಯ ನಿರ್ಣಯದ ಮೇಲೆ ಮನವಿ ಕೇಳುತ್ತಿದ್ದ ನ್ಯಾಯಮಂಡಳಿಯು 2021ರಲ್ಲಿ ರದ್ದಾಗಿದ್ದು, ಈಗ ಉಚ್ಚ ನ್ಯಾಯಾಲಯಕ್ಕೇ ಹೋಗಬೇಕು. ಸಣ್ಣ ನಿರ್ಮಾಪಕನಿಗೆ ಇದು ಭಾರ. ಚಿತ್ರದಲ್ಲಿ ಎತ್ತು, ಎಮ್ಮೆ, ಕುದುರೆಗಳನ್ನು ಬಳಸಿದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ಹಳ್ಳಿಯ ಕಥೆ ಚಿತ್ರಿಸುವವರು ಇದನ್ನರಿಯದೆ ಕೊನೆಗೆ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ.

ಗಲ್ಲಾಪೆಟ್ಟಿಗೆಯ ಹಣ ನಿರ್ಮಾಪಕನನ್ನು ಸೇರುವ ಬಗೆಯನ್ನಂತೂ ಗೃಹಸ್ಥರು ಅವಶ್ಯ ತಿಳಿಯಬೇಕು. ತುಂಗಭದ್ರೆಯ ಕಾಲುವೆಯ ಕೊನೆಯ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಹೊಲಗಳು ಕುಡಿದ ಮೇಲೆ ಉಳಿದ ನೀರು ಕೆಳಗಿನವರಿಗೆ. ಮೊದಲು ತೆರಿಗೆ, ಬಳಿಕ ಚಿತ್ರಮಂದಿರ, ಬಳಿಕ ವಿತರಕನ ಕಮಿಷನ್ನು ಮತ್ತು ಪ್ರಚಾರದ ಖರ್ಚು, ಬಳಿಕ ಬಡ್ಡಿಯ ಸಾಲ. ಎಲ್ಲಕ್ಕೂ ಕೊನೆಯಲ್ಲಿ ನಿರ್ಮಾಪಕ ಮತ್ತು ಅವನನ್ನು ನಂಬಿದ ಬಂಧುಗಳು. 2009ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಮುಷ್ಕರ ಹೂಡಿ ಮಲ್ಟಿಪ್ಲೆಕ್ಸುಗಳೊಡನೆ ಮಾಡಿಕೊಂಡ ಒಪ್ಪಂದದಲ್ಲಿಯೂ ಅವರ ಕಡೆಯ ಪಾಲು ಮೊದಲ ವಾರ ಶೇಕಡಾ 50, ಎರಡನೆಯ ವಾರ 42.5, ಮೂರನೆಯ ವಾರ 37.5, ಮುಂದೆ 30. ಬಾಯಿಂದ ಬಾಯಿಗೆ ಹೆಸರು ಹಬ್ಬಿ ಮೂರನೆಯ ವಾರ ತುಂಬುವ ಸಣ್ಣ ಚಿತ್ರಕ್ಕೆ ಇಂಥ ಲೆಕ್ಕದಲ್ಲಿ ನಷ್ಟವೇ ಹೆಚ್ಚು. "ಚಿತ್ರ ಒಂದು ಕೋಟಿ ಗಳಿಸಿತು" ಎಂದು ಪತ್ರಿಕೆ ಬರೆದ ಮಾತ್ರಕ್ಕೆ ನಿರ್ಮಾಪಕನ ಕೈಗೆ ಕೋಟಿ ಬಂದಿತೆಂದು ಬಂಧುಗಳು ಭ್ರಮಿಸಬಾರದು. ಎಷ್ಟೋ ಮನೆಗಳ ವಿರಸಕ್ಕೆ ಈ ಭ್ರಮೆಯೇ ಮೂಲ.

ಹಾಗಾದರೆ ನಮ್ಮ ಮಕ್ಕಳು ಚಿತ್ರ ಮಾಡಬಾರದೇ? ಹಾಗೆಂಬುದು ನಮ್ಮ ಅಭಿಪ್ರಾಯವಲ್ಲ. ಪ್ರಾಮಾಣಿಕ ದುಡಿಮೆ ಎಲ್ಲಿದ್ದರೂ ಗೌರವಾರ್ಹವೇ. ಆದರೆ ಹಣ ಕೇಳಬಂದ ತರುಣನನ್ನು ಮನೆಯ ಹಿರಿಯರು ಕೆಲವು ಪ್ರಶ್ನೆ ಕೇಳಲಿ. ಇದು ಸಾಲವೋ, ಪಾಲೋ, ಕೊಡುಗೆಯೋ? ಪಾಲಾದರೆ ಯಾವ ಯಾವ ಹಕ್ಕಿನಲ್ಲಿ, ಎಷ್ಟು ವರ್ಷ? ಕಾಲುವೆಯಲ್ಲಿ ನಮ್ಮ ಹೊಲ ಎಷ್ಟನೆಯದು? ಲೆಕ್ಕವನ್ನು ಯಾರು, ಎಂದು ತೋರಿಸುತ್ತಾರೆ? ಹಕ್ಕುಗಳನ್ನು ಮಾರುವ ಮೊದಲು ನಮ್ಮ ಒಪ್ಪಿಗೆ ಬೇಕೋ ಬೇಡವೋ? ವ್ಯಾಜ್ಯವಾದರೆ ನಮ್ಮ ಜಿಲ್ಲೆಯ ನ್ಯಾಯಾಲಯವೋ, ಮುಂಬಯಿಯದೋ? ಉತ್ತರಗಳನ್ನು ಬರೆಯಿಸಿ, ತಿಳಿದ ವಕೀಲರಿಂದ ಓದಿಸಿ, ಬಳಿಕ ಸಹಿ ಮಾಡಲಿ. ಕಳೆದುಹೋದರೂ ಸಂಸಾರ ನಡೆಯುವಷ್ಟು ಹಣವನ್ನು ಮಾತ್ರ ಕೊಡಲಿ.

ತರುಣರಿಗೂ ಒಂದು ಮಾತು. ಹಿರಿಯರು ಕಾಗದ ಕೇಳುವ ತನಕ ಕಾಯಬೇಡಿ. ನೀವಾಗಿಯೇ ಬರೆದು ಅವರ ಮುಂದಿಡಿ. ಬರೆದಿಟ್ಟ ನಂಬಿಕೆಯು ನಷ್ಟವನ್ನೂ ತಾಳಿಕೊಳ್ಳುತ್ತದೆ. ಒಂದು ಚಿತ್ರ ಸೋತರೂ ಮತ್ತೊಮ್ಮೆ ಅದೇ ಮನೆಯ ಹೊಸ್ತಿಲು ತುಳಿದು, ಅಣ್ಣನ ಮುಖವನ್ನು ನೇರವಾಗಿ ನೋಡಿ ಮಾತನಾಡುವ ಯೋಗ್ಯತೆ ನಿಮಗೆ ಉಳಿದಿರುತ್ತದೆ.